ಬೀಗದ ಕೈ ಯಾರ ಹತ್ತಿರ? ಕ್ವಿಯರ್ (ಸಲಿಂಗ ಪ್ರೇಮಿ, ಟ್ರಾನ್ಸ್ ಮೊದಲಾದವರ) ಮತ್ತು ಸ್ತ್ರೀವಾದಿ ದಾಖಲೆಗಳ ಹಿನ್ನೆಲೆ

1890ರ ದಶಕ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಹತ್ತಿರದ ಶಿಬ್ಡನ್ ಹಾಲ್ ಎಂಬ ಹಳೇ ಮನೆಯಲ್ಲಿ ಇಬ್ಬರು ಗಂಡಸರು ಒಂದು ದಿನಚರಿಯ ಗುಪ್ತಲಿಪಿ ಬಿಡಿಸಲು ಹೆಣಗುತ್ತಿದ್ದರು. ಅದನ್ನು ಬರೆದವರು ಅದೇ ಮನೆಯ ಒಡತಿಯಾಗಿದ್ದ ಆನ್ ಲಿಸ್ಟರ್. ಅವರು 1840ರಲ್ಲೇ ತೀರಿಕೊಂಡಿದ್ದರು. ಗ್ರೀಕ್ ಅಕ್ಷರಗಳ ಜೊತೆ ಬೇರೆ ಗುರುತುಗಳನ್ನೂ ಬೆರೆಸಿ ಅವರು ತಮ್ಮದೇ ಲಿಪಿ ಕಟ್ಟಿಕೊಂಡಿದ್ದರು. ಒಂದು ಕಾಗದದ ಚೂರಿನಲ್ಲಿ ‘ದೇವರಲ್ಲೇ ನನ್ನ’ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದಿನ ಪದ ಮಾತ್ರ ಗುಪ್ತಲಿಪಿಯಲ್ಲಿತ್ತು. ಅದು ‘ಹೋಪ್’, ಅಂದರೆ ಭರವಸೆ, ಇರಬೇಕು ಎಂದು ಆ ಇಬ್ಬರು ಊಹಿಸಿದರು. ಊಹೆ ಸರಿಯಾಗಿತ್ತು. ನಾಲ್ಕು ಅಕ್ಷರ ಸಿಕ್ಕವು, ಉಳಿದವು ಒಂದೊಂದಾಗಿ ಬಿಚ್ಚಿಕೊಂಡವು.

ಒಳಗಿದ್ದದ್ದು ಹೆಂಗಸರ ಜೊತೆ ಆನ್ ಲಿಸ್ಟರ್ ನಡೆಸಿದ ಪ್ರೀತಿಯ, ಹಾಸಿಗೆಯ ಬದುಕು. ಲಿಪಿ ಬಿಡಿಸಿದವರಲ್ಲಿ ಒಬ್ಬರಾದ ಆರ್ಥರ್ ಬರೆಲ್ ಇದನ್ನು ಸುಟ್ಟುಬಿಡುವುದೇ ವಾಸಿ ಎಂದರು. ಇನ್ನೊಬ್ಬರು, ಆ ಮನೆತನದ ಜಾನ್ ಲಿಸ್ಟರ್, ಸುಡಲಿಲ್ಲ. ಹಾಗಂತ ಯಾರಿಗೂ ತೋರಿಸಲೂ ಇಲ್ಲ. ಗೋಡೆಯ ಮರದ ಹಲಗೆಯ ಹಿಂದೆ ಬಚ್ಚಿಟ್ಟರು. ಸಂಶೋಧಕಿ ಹೆಲೆನಾ ವಿಟ್‌ಬ್ರೆಡ್ ಆ ಗುಪ್ತ ಭಾಗಗಳನ್ನು ಆಯ್ದು ಪುಸ್ತಕವಾಗಿ ತಂದದ್ದು 1988ರಲ್ಲಿ.

ಇಬ್ಬರಲ್ಲಿ ಒಬ್ಬರ ಮನಸ್ಸು ಒಪ್ಪದೇ ಹೋದದ್ದರಿಂದ ಆ ದಿನಚರಿ ಉಳಿಯಿತು. ಆ ಮನೆಯ ಒಲೆಗೆ ಬೀಳದೆ ಉಳಿದದ್ದು ಒಂದಾದರೆ, ಬೇರೆ ಮನೆಗಳ ಒಲೆಗೆ ಬಿದ್ದದ್ದು ಎಷ್ಟೋ. ಲೆಕ್ಕ ಇಟ್ಟವರಿಲ್ಲ. ಹೆಂಗಸರ ಪತ್ರಗಳು, ಹೆಣ್ಣನ್ನು ಪ್ರೀತಿಸಿದ ಹೆಣ್ಣಿನ ಪತ್ರಗಳು, ಗಂಡನ್ನು ಪ್ರೀತಿಸಿದ ಗಂಡಿನ ಪತ್ರಗಳು ಹಾಳಾಗಲು ಶತ್ರುಗಳೇ ಬೇಕಿರಲಿಲ್ಲ. ಮನೆಯವರ ಮರ್ಯಾದೆಯ ಭಯವೇ ಸಾಕಿತ್ತು.

ಶತ್ರುಗಳೂ ಬಂದರು, ಅದು ಬೇರೆ ಮಾತು. ವೈದ್ಯ ಮ್ಯಾಗ್ನಸ್ ಹಿರ್ಶ್‌ಫೆಲ್ಡ್ 1919ರಲ್ಲಿ ಬರ್ಲಿನ್‌ನಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆ ತೆರೆದಿದ್ದರು. ಅಲ್ಲಿ ಚಿಕಿತ್ಸೆ ಇತ್ತು, ಸಲಹೆ ಇತ್ತು, ದೊಡ್ಡ ಗ್ರಂಥಾಲಯವೂ ಇತ್ತು. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ನುಗ್ಗಿ ಅದನ್ನು ದೋಚಿದರು. ನಾಲ್ಕು ದಿನ ಬಿಟ್ಟು, ನಗರದ ನಡುವಿನ ಚೌಕದಲ್ಲಿ ಹೊತ್ತಿಸಿದ ಬೆಂಕಿಗೆ ಅಲ್ಲಿನ ಪುಸ್ತಕಗಳೂ ಬಿದ್ದವು.

ಆಮ್‌ಸ್ಟರ್‌ಡ್ಯಾಮ್‌ನ ಕಥೆ ಸ್ವಲ್ಪ ಬೇರೆ. 1935ರಲ್ಲಿ ರೋಸಾ ಮಾನುಸ್ ಮತ್ತು ಅವರ ಗೆಳತಿಯರು ಅಲ್ಲಿ ಮಹಿಳಾ ಚಳವಳಿಯ ಅಂತರರಾಷ್ಟ್ರೀಯ ಸಂಗ್ರಹ ಶುರು ಮಾಡಿದ್ದರು. 1940ರಲ್ಲಿ ನಾಜಿಗಳು ಬಂದು ಎಲ್ಲವನ್ನೂ ಹೊತ್ತುಕೊಂಡು ಹೋದರು. ಯಹೂದಿಯಾಗಿದ್ದ ರೋಸಾ ಬಂಧನಕ್ಕೊಳಗಾಗಿ, ಬದುಕಿ ವಾಪಸ್ ಬರಲಿಲ್ಲ. ಕಾಗದಗಳು ನಾಶವಾದವು ಅಂತಲೇ ಎಲ್ಲರೂ ತಿಳಿದಿದ್ದರು. ಆದರೆ 1992ರಲ್ಲಿ ಅವುಗಳಲ್ಲಿ ಒಂದಿಷ್ಟು ಮಾಸ್ಕೋದಲ್ಲಿ ಪತ್ತೆಯಾದವು. ಯುದ್ಧದ ಕೊನೆಗೆ ಸೋವಿಯತ್ ಸೇನೆಯ ಕೈಸೇರಿ ಅಲ್ಲಿಗೆ ಹೋಗಿದ್ದವು. ಮನೆಗೆ ಮರಳಿದ್ದು 2003ರಲ್ಲಿ. ಕಟ್ಟಿದವರ ಕೈಯಲ್ಲಿ ಐದು ವರ್ಷ, ಪರರ ಕೈಯಲ್ಲಿ ಅರವತ್ತಕ್ಕೂ ಜಾಸ್ತಿ ವರ್ಷ.

‘ನಮ್ಮ ಕಾಗದ ನಮ್ಮ ಹತ್ತಿರವೇ ಇರಲಿ’ ಎಂಬ ಹಟ ಎಲ್ಲಿಂದ ಬಂತು ಅಂತ ಈಗ ತಿಳಿಯುತ್ತದೆ, ಅಲ್ವಾ?

1974ರಲ್ಲಿ ನ್ಯೂಯಾರ್ಕಿನಲ್ಲಿ ಲೆಸ್ಬಿಯನ್ ಹರ್‌ಸ್ಟೋರಿ ಆರ್ಕೈವ್ಸ್, ಅಂದರೆ ಹೆಣ್ಣನ್ನು ಪ್ರೀತಿಸುವ ಹೆಂಗಸರ ಚರಿತ್ರೆಯ ಸಂಗ್ರಹ, ಶುರುವಾಯಿತು. ಮುಂದೆ ನಿಂತವರಲ್ಲಿ ಜೋನ್ ನೆಸ್ಲೆ ಮತ್ತು ಡೆಬೊರಾ ಎಡೆಲ್ ಇದ್ದರು. ಸಂಗ್ರಹ ಇದ್ದದ್ದು ಅವರು ವಾಸವಿದ್ದ ಮನೆಯಲ್ಲೇ. 1993ರಲ್ಲಿ ಬ್ರೂಕ್ಲಿನ್‌ನ ಸ್ವಂತ ಕಟ್ಟಡಕ್ಕೆ ಹೋಗುವವರೆಗೂ ಓದಲು ಬಂದವರು ಮನೆಗೆ ಬಂದ ನೆಂಟರೇ. ಅವರ ನಿಯಮಗಳು ಸರಳ. ಸಂಗ್ರಹ ಸಮುದಾಯದ ನಡುವೆಯೇ ಇರಬೇಕು, ವಿಶ್ವವಿದ್ಯಾಲಯದ ಒಳಗಲ್ಲ. ನೋಡಲು ಡಿಗ್ರಿ ಬೇಕಿಲ್ಲ. ಕೆಲಸ ನಡೆಸುವವರು ಸ್ವಯಂಸೇವಕರು. ಅಲ್ಲಿನ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಪುಸ್ತಕಗಳನ್ನು ಲೇಖಕಿಯರ ಮೊದಲ ಹೆಸರಿನ ಪ್ರಕಾರ ಜೋಡಿಸುತ್ತಾರೆ. ಮನೆತನದ ಹೆಸರು ಅಪ್ಪನದೋ ಗಂಡನದೋ ಆಗಿರುತ್ತದೆ, ಮೊದಲ ಹೆಸರು ಮಾತ್ರ ಅವಳದ್ದು. ಇಡೀ ಸ್ತ್ರೀವಾದ ಒಂದು ಕಪಾಟಿನಲ್ಲಿ ಕಾಣುತ್ತದೆ.

ಆದರೆ ಸ್ವಂತ ಸಂಗ್ರಹಕ್ಕೂ ಅಪಾಯ ತಪ್ಪಿದ್ದಲ್ಲ. ಟೊರಾಂಟೊದಲ್ಲಿ ಗೇ ಚಳವಳಿಯ ಪತ್ರಿಕೆ ‘ದಿ ಬಾಡಿ ಪಾಲಿಟಿಕ್’ 1973ರಲ್ಲಿ ಒಂದು ಸಂಗ್ರಹ ಆರಂಭಿಸಿತ್ತು. 1977ರ ಡಿಸೆಂಬರ್ ಕೊನೆಗೆ ಪೊಲೀಸರು ಪತ್ರಿಕೆಯ ಕಚೇರಿ ಮೇಲೆ ದಾಳಿ ಮಾಡಿ ಚಂದಾದಾರರ ಪಟ್ಟಿಯನ್ನೂ ಒಯ್ದರು. ಒಂದು ಕ್ಷಣ ಆ ಪಟ್ಟಿಯಲ್ಲಿ ಹೆಸರಿದ್ದವರ ಜಾಗದಲ್ಲಿ ನಿಂತು ನೋಡಿ. ಕೆಲಸ ಹೋಗಬಹುದು, ಮನೆ ಹೋಗಬಹುದು. ಜತನದಿಂದ ಇಟ್ಟ ಪಟ್ಟಿಯೇ ಉರುಳಾಗಬಹುದು.

ಸರ್ಕಾರಿ ಗ್ರಂಥಾಲಯಕ್ಕೆ ಕೊಟ್ಟರೆ ಸುರಕ್ಷಿತವಲ್ಲವೇ ಎಂದು ಕೇಳುವವರಿದ್ದಾರೆ. ಕಾಗದ ಸುರಕ್ಷಿತ ಇರಬಹುದು. ಹೆಸರು? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ವರ್ಗೀಕರಣದಲ್ಲಿ ಸಲಿಂಗ ಪ್ರೇಮದ ಪುಸ್ತಕಗಳು ಬಹುಕಾಲ ‘ಅಸಹಜ ಲೈಂಗಿಕ ಸಂಬಂಧ’ ಎಂಬ ತಲೆಬರಹದ ಕೆಳಗಿದ್ದವು. ಗ್ರಂಥಪಾಲಕರೊಳಗಿನ ಗೇ ಹೋರಾಟಗಾರರು ಪಟ್ಟು ಹಿಡಿದ ಮೇಲೆ 1972ರಲ್ಲಿ ಅದು ಬದಲಾಯಿತು. ತನ್ನ ಬಗ್ಗೆ ಓದಲು ಕಪಾಟಿನ ಹತ್ತಿರ ಹೋದ ಹುಡುಗಿಗೆ ಮೊದಲು ಸಿಗುತ್ತಿದ್ದದ್ದು ಪುಸ್ತಕವಲ್ಲ, ಬೈಗುಳ. ಈಗ ಸಮುದಾಯದವರದೇ ಪದಪಟ್ಟಿ ಇದೆ, ಅದರ ಹೆಸರು ಹೋಮೋಸಾರಸ್. ನೆದರ್‌ಲ್ಯಾಂಡ್ಸ್‌ನ ಸಂಗ್ರಹವೊಂದರಲ್ಲಿ ಹುಟ್ಟಿದ ಈ ಪಟ್ಟಿಯನ್ನು ಈಗ ಬೇರೆ ಬೇರೆ ಗ್ರಂಥಾಲಯಗಳೂ ಬಳಸುತ್ತವೆ.

ಇಂಟರ್ನೆಟ್ ಬಂದ ಮೇಲೆ ಸಮಸ್ಯೆ ತಿರುಗಿಬಿದ್ದಿತು. ಮೊದಲು ಬಚ್ಚಿಟ್ಟದ್ದೇ ತೊಂದರೆಯಾಗಿತ್ತು, ಈಗ ತೆರೆದಿಟ್ಟದ್ದೂ ತೊಂದರೆ. ‘ಆನ್ ಅವರ್ ಬ್ಯಾಕ್ಸ್’ 1984ರಲ್ಲಿ ಶುರುವಾದ ಲೆಸ್ಬಿಯನ್ ಕಾಮಪ್ರಧಾನ ಪತ್ರಿಕೆ. ಒಂದು ಡಿಜಿಟಲ್ ಯೋಜನೆ ಅದರ ಹಳೇ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಹಾಕಿತು. ಫೋಟೋಗಳಿಗೆ ನಿಂತಿದ್ದ ಹೆಂಗಸರು ಒಪ್ಪಿದ್ದದ್ದು ಕೆಲವೇ ಮಂದಿ ಕೊಳ್ಳುವ ಮುದ್ರಿತ ಪತ್ರಿಕೆಗೆ. ಮೂವತ್ತು ವರ್ಷದ ನಂತರ ಯಾರು ಬೇಕಾದರೂ ಹುಡುಕಿ ನೋಡಬಹುದಾದ ಪರದೆಗಲ್ಲ. ಗ್ರಂಥಪಾಲಕಿ ತಾರಾ ರಾಬರ್ಟ್‌ಸನ್ ಈ ಪ್ರಶ್ನೆ ಎತ್ತಿದರು. 2016ರಲ್ಲಿ ಸಂಚಿಕೆಗಳನ್ನು ಕೆಳಗಿಳಿಸಲಾಯಿತು. ಕಾನೂನಿನ ಹಕ್ಕು ಒಬ್ಬರ ಹತ್ತಿರ ಇರಬಹುದು, ಮೈ ಮತ್ತು ಮುಖ ಇನ್ನೊಬ್ಬರದು. ತೆರೆದಿಡುವುದೇ ಯಾವಾಗಲೂ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಈಗ ಹೊಸದಾಗಿ ಸಂಗ್ರಹ ಕಟ್ಟುವವರು ಎಲ್ಲಿಂದ ಶುರು ಮಾಡಬೇಕು? ಸ್ಕ್ಯಾನರ್ ಕೊಳ್ಳುವುದರಿಂದ ಖಂಡಿತ ಅಲ್ಲ. ಒಂದು ಮಾತುಕತೆಯಿಂದ. ಕೊಡುವವರು ಏನು ಕೊಡುತ್ತಾರೆ, ಯಾರು ನೋಡಬಹುದು, ಎಷ್ಟು ವರ್ಷ ಮುಚ್ಚಿಡಬೇಕು, ನಾಳೆ ಮನಸ್ಸು ಬದಲಾದರೆ ವಾಪಸ್ ಪಡೆಯಬಹುದೇ? ಇದೆಲ್ಲ ಬರಹದಲ್ಲಿರಬೇಕು. ಪತ್ರದಲ್ಲಿ ಬರುವ ಮೂರನೆಯವರ ಹೆಸರನ್ನು ಏನು ಮಾಡುವುದು ಎಂದೂ ಅಲ್ಲೇ ತೀರ್ಮಾನಿಸಬೇಕು. ಆಮೇಲೆ ಕೈಕೆಲಸ. ತುಕ್ಕು ಹಿಡಿದ ಪಿನ್ ಬಿಡಿಸುವುದು, ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಗೆ ಹಾಕುವುದು, ಕ್ಯಾಸೆಟ್ ಇದ್ದರೆ ಮೊದಲು ಅದನ್ನೇ ಡಿಜಿಟಲ್ ಮಾಡುವುದು. ಕಾಗದ ಕಾಯುತ್ತದೆ, ಕ್ಯಾಸೆಟ್ ಕಾಯುವುದಿಲ್ಲ. ಅದನ್ನು ಓದಿಸುವ ಯಂತ್ರಗಳೂ ಮಾಯವಾಗುತ್ತಿವೆ.

ಕಾಗದವೇ ಇಲ್ಲದವರ ಕಥೆ ಇನ್ನೂ ಮುಖ್ಯ. ದಿನಚರಿ ಬರೆದು ಬಚ್ಚಿಡಲು ಒಂದು ಕೋಣೆ ಬೇಕು, ಓದುಬರಹ ಬೇಕು. ಆನ್ ಲಿಸ್ಟರ್‌ಗೆ ಜಮೀನು, ಮನೆ ಎರಡೂ ಇತ್ತು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದವರ, ಮನೆಯಿಂದ ಹೊರಬಿದ್ದ ಟ್ರಾನ್ಸ್ ಹೆಂಗಸರ ಬದುಕು ಕೆಲವು ಸಲ ಸಿಗುವುದು ಪೊಲೀಸ್ ಕಡತದಲ್ಲಿ ಮಾತ್ರ, ಅದೂ ಅವರು ಬಿಟ್ಟುಬಂದ ಹೆಸರಿನಲ್ಲಿ. ಅಂಥ ಕಡೆ ಧ್ವನಿಮುದ್ರಣವೇ ದಾರಿ. 1988ರಲ್ಲಿ ಆರಂಭವಾದ ಮುಂಬೈನ ಸಂಗ್ರಹ ‘ಸ್ಪ್ಯಾರೋ’ (ಸೌಂಡ್ ಅಂಡ್ ಪಿಕ್ಚರ್ ಆರ್ಕೈವ್ಸ್ ಫಾರ್ ರಿಸರ್ಚ್ ಆನ್ ವಿಮೆನ್) ಹೆಂಗಸರ ಧ್ವನಿ ಮತ್ತು ಚಿತ್ರಗಳನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ.

ಫೋಟೋಗಳ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಹಗುರವಾಗಿ ಹೆಸರು ಬರೆಯುವುದು ಸಂಗ್ರಹಗಳ ಹಳೇ ರೂಢಿ. ಪೆನ್ನಿನ ಶಾಯಿ ಆ ಕಡೆಗೆ ಇಳಿಯುತ್ತದೆ, ಪೆನ್ಸಿಲ್ ಬರಹ ಇಳಿಯುವುದಿಲ್ಲ, ಬೇಕಾದರೆ ಅಳಿಸಲೂಬಹುದು. ಪೆನ್ಸಿಲ್ ಊರುವ ಮೊದಲು ಫೋಟೋದಲ್ಲಿರುವವರು ಬದುಕಿದ್ದರೆ ಅವರನ್ನೇ ಕೇಳಬೇಕು: ಯಾವ ಹೆಸರು ಬರೆಯಲಿ?