ದೋಷಾರೋಪಣೆಯಲ್ಲಿ ತಪ್ಪಾದರೆ ವಿಚಾರಣೆ ಏನಾಗುತ್ತದೆ?

ಯಾವ ಅಪರಾಧಕ್ಕೆ ವಿಚಾರಣೆ ಎಂದು ನ್ಯಾಯಾಲಯ ಆರೋಪಿಯ ಮೇಲೆ ಲಿಖಿತವಾಗಿ ಹೊರಿಸುವ ಆರೋಪವೇ ದೋಷಾರೋಪಣೆ. 'ದೋಷಾರೋಪಣೆ ತಪ್ಪಾಗಿದ್ದರೆ ವಿಚಾರಣೆಯೇ ರದ್ದು' ಎಂದು ಉತ್ತರಪತ್ರಿಕೆಯಲ್ಲಿ ಬರೆಯುವವರು ಬಹಳ. ಕಾನೂನು ಹಾಗೆ ಹೇಳುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 238 (ಹಳೆಯ ದಂಡ ಪ್ರಕ್ರಿಯಾ ಸಂಹಿತೆ, 1973ರ 215) ನೋಡುವುದು ಎರಡನ್ನು: ತಪ್ಪಿನಿಂದ ಆರೋಪಿ ನಿಜಕ್ಕೂ ದಾರಿ ತಪ್ಪಿದನೇ, ಅದರಿಂದ ನ್ಯಾಯಕ್ಕೆ ಭಂಗ ಬಂತೇ. ಎರಡೂ ಇದ್ದರೆ ಮಾತ್ರ ಆ ತಪ್ಪಿಗೆ ಬೆಲೆ.

ಕಲಮಿನ ಕೆಳಗಿನ ದೃಷ್ಟಾಂತಗಳನ್ನು ಹಾರಿಸಬೇಡಿ. ಹಳೆಯ ಸಂಹಿತೆಯಲ್ಲಿ ಒಂದು ಹೀಗಿತ್ತು: 1882ರ ಜನವರಿ 21ರಂದು ಖೋದಾ ಬಕ್ಷ್‌ನನ್ನು ಕೊಂದನೆಂದು ಒಬ್ಬನ ಮೇಲೆ ಆರೋಪ. (1973ರ ಕಾಯ್ದೆಯಲ್ಲೂ ಈ ತಾರೀಖನ್ನು ಯಾರೂ ಮುಟ್ಟಿರಲಿಲ್ಲ!) ನಿಜವಾಗಿ ಸತ್ತವನು ಹೈದರ್ ಬಕ್ಷ್, ದಿನ ಜನವರಿ 20. ಹೆಸರೂ ತಪ್ಪು, ದಿನವೂ ತಪ್ಪು. ಆದರೆ ಆರೋಪಿಯ ಮೇಲಿದ್ದದ್ದು ಒಂದೇ ಕೊಲೆ. ಮ್ಯಾಜಿಸ್ಟ್ರೇಟರ ಮುಂದೆ ಅವನು ಕೇಳಿಸಿಕೊಂಡಿದ್ದೂ ಹೈದರ್ ಬಕ್ಷ್‌ನ ವಿಷಯವನ್ನೇ. ಹಾಗಾಗಿ ತಪ್ಪು ಲೆಕ್ಕಕ್ಕಿಲ್ಲ. ಮುಂದಿನ ದೃಷ್ಟಾಂತದಲ್ಲಿ ಇಬ್ಬರೂ ಕೊಲೆಯಾಗಿದ್ದಾರೆ. ಆರೋಪ ಹೈದರ್‌ನ ಕೊಲೆಗೆ, ವಿಚಾರಣೆ ಖೋದಾನ ಕೊಲೆಗೆ, ಆರೋಪಿ ಕರೆತಂದ ಸಾಕ್ಷಿಗಳು ಹೈದರ್ ಪ್ರಕರಣದವರು. ಇಲ್ಲಿ ದಾರಿ ತಪ್ಪಿದ್ದು ಸ್ಪಷ್ಟ.

ತಪ್ಪು ವಿಚಾರಣೆಯ ನಡುವೆ ಕಣ್ಣಿಗೆ ಬಿದ್ದರೆ? ತೀರ್ಪು ಹೇಳುವ ಮುನ್ನ ಯಾವಾಗ ಬೇಕಾದರೂ ನ್ಯಾಯಾಲಯ ಆರೋಪವನ್ನು ಬದಲಿಸಬಹುದು, ಹೊಸದನ್ನು ಸೇರಿಸಬಹುದು (ಕಲಂ 239). ಬದಲಾದದ್ದನ್ನು ಆರೋಪಿಗೆ ಓದಿ ವಿವರಿಸಲೇಬೇಕು. ತಕ್ಷಣ ಮುಂದುವರಿದರೆ ಯಾರಿಗಾದರೂ ತೊಂದರೆ ಎನಿಸಿದರೆ ವಿಚಾರಣೆ ಮುಂದೂಡಬೇಕು, ಇಲ್ಲವೇ ಹೊಸದಾಗಿ ನಡೆಸಬೇಕು. ಬದಲಾವಣೆಯ ಮಟ್ಟಿಗೆ ಸಾಕ್ಷಿಗಳನ್ನು ಮತ್ತೆ ಕರೆಸಲು ಎರಡೂ ಕಡೆಯವರಿಗೆ ಅವಕಾಶವಿದೆ (ಕಲಂ 240). ಬರೀ ಎಳೆದಾಡಲು ಕೇಳಿದರೆ ಸಿಗದು. ಆರೋಪ ಬದಲಿಸುವ ಅಧಿಕಾರ ನ್ಯಾಯಾಲಯದ್ದೇ, ಪಕ್ಷಗಾರರು ಹಕ್ಕಾಗಿ ಅರ್ಜಿ ಹಾಕುವಂತಿಲ್ಲ ಎಂದು ಪಿ. ಕಾರ್ತಿಕಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನನ್ನ ಮಟ್ಟಿಗೆ ಈ ಅಧ್ಯಾಯದ ತಿರುಳು 2001ರ ಶಂಸಾಹೇಬ್ ಮುಲ್ತಾನಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ. ಆರೋಪವಿದ್ದದ್ದು ಹೆಂಡತಿಯ ಕೊಲೆಗೆ (ಆಗಿನ ಭಾರತೀಯ ದಂಡ ಸಂಹಿತೆಯ ಕಲಂ 302). ಹೈಕೋರ್ಟ್ ಶಿಕ್ಷೆ ಕೊಟ್ಟದ್ದು ವರದಕ್ಷಿಣೆ ಸಾವಿಗೆ (304ಬಿ). ಕೊಲೆಯ ಆರೋಪದಲ್ಲಿ ರುಜುವಾತಿನ ಹೊರೆ ಪ್ರಾಸಿಕ್ಯೂಷನ್ ಮೇಲೆ. ಆರೋಪಿ ಸುಮ್ಮನಿದ್ದರೂ ನಡೆಯುತ್ತದೆ. ವರದಕ್ಷಿಣೆ ಸಾವಿನಲ್ಲಿ ಹಾಗಲ್ಲ. ಮೂಲ ಅಂಶಗಳು ಸಾಬೀತಾದ ಕೂಡಲೇ ಆಗಿನ ಸಾಕ್ಷ್ಯ ಅಧಿನಿಯಮದ 113ಬಿ ಪೂರ್ವಭಾವನೆ (ಸಾವಿಗೆ ಅವನೇ ಕಾರಣ ಎಂದು ನ್ಯಾಯಾಲಯ ಭಾವಿಸಿಕೊಳ್ಳುವುದು) ಅವನ ವಿರುದ್ಧ ನಿಲ್ಲುತ್ತಿತ್ತು, ಅದನ್ನು ಅವನೇ ಅಲ್ಲಗಳೆಯಬೇಕಿತ್ತು. ಆ ಆರೋಪವನ್ನೇ ಹೊರಿಸದಿದ್ದಾಗ ಅಲ್ಲಗಳೆಯಬೇಕೆಂದು ಅವನಿಗೆ ಗೊತ್ತಾಗುವುದಾದರೂ ಹೇಗೆ? ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ತೆಗೆದುಹಾಕಿ, ಪ್ರತಿವಾದಕ್ಕೆ ಅವಕಾಶ ಕೊಡಲೆಂದು ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು.

ಮೇಲ್ಮನವಿಯಲ್ಲಿ ಕಲಂ 510 (ಹಳೆಯ 464). ದೋಷಾರೋಪಣೆಯೇ ಇಲ್ಲದಿದ್ದರೂ, ನ್ಯಾಯಕ್ಕೆ ಭಂಗ ಬಂದಿಲ್ಲದಿದ್ದರೆ ತೀರ್ಪು ಉಳಿಯುತ್ತದೆ. ಸುಪ್ರೀಂ ಕೋರ್ಟಿನ 1955ರ ವಿಲ್ಲಿ ಸ್ಲೇನಿ ತೀರ್ಪನ್ನು ಇಲ್ಲಿ ಉಲ್ಲೇಖಿಸಿ. ಭಂಗ ಬಂದಿದ್ದರೆ, ಆರೋಪ ಬಿಟ್ಟುಹೋದಲ್ಲಿ ಅದನ್ನು ಹೊರಿಸಿ ಅಲ್ಲಿಂದಲೇ ವಿಚಾರಣೆ ಮುಂದುವರಿಸುವಂತೆ ಆದೇಶಿಸಬಹುದು. ಆರೋಪ ತಪ್ಪಿದ್ದಲ್ಲಿ ಹೊಸ ವಿಚಾರಣೆ. ಆ ಸಂಗತಿಗಳ ಮೇಲೆ ಯಾವ ಸಿಂಧುವಾದ ಆರೋಪವನ್ನೂ ಹೊರಿಸಲಾಗದು ಎಂದಾದರೆ ಶಿಕ್ಷೆಯೇ ರದ್ದು. ಆಕ್ಷೇಪಣೆಯನ್ನು ಮೊದಲೇ ಎತ್ತಬಹುದಿತ್ತೇ ಎಂಬುದನ್ನೂ ನ್ಯಾಯಾಲಯ ಗಮನಿಸುತ್ತದೆ (ಕಲಂ 511). ವಿಚಾರಣೆಯುದ್ದಕ್ಕೂ ಬಾಯಿ ಬಿಡದ ವಕೀಲರು ಮೇಲ್ಮನವಿಯಲ್ಲಿ ಮೊದಲ ಬಾರಿ ಈ ವಾದ ತೆಗೆದರೆ ಅದಕ್ಕೆ ತೂಕ ಕಡಿಮೆ.