ಪ್ರೋಟೀನ್ ಮಡಿಕೆ ತಪ್ಪಿದಾಗ ಜೀವಕೋಶ ಏನು ಮಾಡುತ್ತದೆ?

ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮುಗಿದ ಮೇಲೆ ಬಳ್ಳಿ ಹೊಸದಾಗಿ ಚಿಗುರುತ್ತದೆ. ಆ ಹೊತ್ತಿಗೆ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ನಾವಾದರೆ ನೆರಳಿಗೆ ಹೋಗುತ್ತೇವೆ, ಬಳ್ಳಿ ಎಲ್ಲಿಗೆ ಹೋಗಬೇಕು? ಆ ಎಳೆ ಚಿಗುರಿನ ಒಂದೊಂದು ಜೀವಕೋಶವೂ ನಿಂತಲ್ಲೇ ತನ್ನ ಪ್ರೋಟೀನುಗಳನ್ನು ಉಳಿಸಿಕೊಳ್ಳಲು ಹೆಣಗುತ್ತದೆ. ಜ್ವರ ಬಂದಾಗ ನಮ್ಮ ಮೈಯಲ್ಲೂ ನಡೆಯುವುದು ಇದೇ. ಸಕ್ಕರೆ ಕಾಯಿಲೆಗೂ ವಯಸ್ಸಾದವರ ಮರೆವಿಗೂ ಈ ಹೆಣಗಾಟದ ಜೊತೆ ನಂಟಿದೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಅದು ಸರಿಯಾಗಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಮಡಿಕೆ ಬಿಚ್ಚಿದರೆ ಏನಾಗುತ್ತದೆ ಎಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ಆಕಳು ಈದ ಮೇಲೆ ಬರುವ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದರೆ ಗಿಣ್ಣ ಆಗುತ್ತದೆ. ಮಾಮೂಲಿ ಹಾಲು ಹೀಗೆ ಗಟ್ಟಿಯಾಗುವುದಿಲ್ಲ. ಗಿಣ್ಣದ ಹಾಲಿನಲ್ಲಿ ಕರುವಿಗೆ ರೋಗ ತಡೆಯುವ ಪ್ರೋಟೀನುಗಳು ತುಂಬಾ ಜಾಸ್ತಿ. ಬಿಸಿಗೆ ಅವುಗಳ ಮಡಿಕೆ ಬಿಚ್ಚುತ್ತದೆ, ಒಂದಕ್ಕೊಂದು ಸಿಕ್ಕಿಕೊಂಡು ಗಡ್ಡೆ ಕಟ್ಟುತ್ತವೆ. ಅದನ್ನು ತಣ್ಣಗೆ ಮಾಡಿದರೂ ಮತ್ತೆ ಹಾಲಾಗುವುದಿಲ್ಲ.

ಆದರೆ ವಿಜ್ಞಾನಿಗಳು ಮೊದಲು ನಂಬಿದ್ದೇ ಬೇರೆ. ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸನ್ ಒಂದು ಚಿಕ್ಕ ಪ್ರೋಟೀನಿನ ಮಡಿಕೆಯನ್ನು ರಾಸಾಯನಿಕ ಹಾಕಿ ಬಿಚ್ಚಿದರು. ಆ ರಾಸಾಯನಿಕ ತೆಗೆದಾಗ ಅದು ತಾನಾಗಿಯೇ ಮೊದಲಿನ ರೂಪಕ್ಕೆ ಬಂತು. 1972ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಹಾಗಾದರೆ ಮಡಿಚಲು ಯಾರ ಸಹಾಯವೂ ಬೇಡ ಅಂದುಕೊಂಡರು. ಆದರೆ ಅದು ಗಾಜಿನ ನಳಿಕೆಯಲ್ಲಿ, ಬೇಕಾದಷ್ಟು ನೀರಿನಲ್ಲಿ ನಡೆದ ಮಾತು. ಜೀವಕೋಶದ ಒಳಗೆ ಬನಶಂಕರಿ ಜಾತ್ರೆಯಷ್ಟು ನೂಕುನುಗ್ಗಲು. ಅಲ್ಲಿ ಅರ್ಧ ಮಡಿಚಿದ ಪ್ರೋಟೀನು ಪಕ್ಕದ್ದಕ್ಕೆ ಅಂಟಿಕೊಳ್ಳದೇ ಇರುತ್ತದೆಯೇ?

ಉತ್ತರದ ಸುಳಿವು ಸಿಕ್ಕಿದ್ದು ಇಟಲಿಯ ನೇಪಲ್ಸ್‌ನಲ್ಲಿ, ಅದೂ ಆಕಸ್ಮಿಕವಾಗಿ. ಫೆರುಚ್ಚಿಯೋ ರಿಟೋಸ್ಸಾ ಹಣ್ಣಿನ ನೊಣದ ಕ್ರೋಮೋಸೋಮ್‌ಗಳನ್ನು ನೋಡುತ್ತಿದ್ದರು. ಯಾರೋ ಇನ್‌ಕ್ಯುಬೇಟರ್‌ನ ಬಿಸಿ ಏರಿಸಿಬಿಟ್ಟಿದ್ದರು. ಕ್ರೋಮೋಸೋಮಿನ ಕೆಲವು ಜಾಗಗಳು, ಹಿಂದೆಂದೂ ಕಾಣದ ಜಾಗಗಳು, ಉಬ್ಬಿಕೊಂಡಿದ್ದವು. ಬಿಸಿ ತಗುಲಿದ ತಕ್ಷಣ ಯಾವುದೋ ಜೀನುಗಳು ಎಚ್ಚೆತ್ತಿದ್ದವು. ಒಂದು ಹೆಸರಾಂತ ಪತ್ರಿಕೆ ಇದರಲ್ಲಿ ಮಹತ್ವವಿಲ್ಲ ಎಂದು ಲೇಖನ ವಾಪಸ್ ಕಳಿಸಿತು. 1962ರಲ್ಲಿ ಬೇರೆ ಪತ್ರಿಕೆ ಅದನ್ನು ಅಚ್ಚು ಹಾಕಿತು. ಆ ಜೀನುಗಳು ತಯಾರಿಸುವ ಪ್ರೋಟೀನುಗಳು ಕೈಗೆ ಸಿಕ್ಕಿದ್ದು 1974ರಲ್ಲಿ. ಹೀಟ್ ಶಾಕ್ ಪ್ರೋಟೀನ್ ಎಂಬ ಹೆಸರು ನಿಂತಿತು. ನೊಣ, ಮನುಷ್ಯ, ದ್ರಾಕ್ಷಿ ಬಳ್ಳಿ, ಬ್ಯಾಕ್ಟೀರಿಯಾ, ಎಲ್ಲದರಲ್ಲೂ ಇವು ಇವೆ.

ಇವುಗಳ ಕೆಲಸವೇ ಬೇರೆ ಪ್ರೋಟೀನುಗಳನ್ನು ಕಾಯುವುದು. ಬಿಚ್ಚಿಕೊಂಡದ್ದನ್ನು ಹಿಡಿದು, ಗಡ್ಡೆ ಕಟ್ಟದಂತೆ ನೋಡಿಕೊಂಡು, ಮತ್ತೆ ಮಡಿಚಿಕೊಳ್ಳಲು ಅವಕಾಶ ಕೊಡುವುದು. 1989ರಲ್ಲಿ ಉಲ್ರಿಚ್ ಹಾರ್ಟಲ್ ಮತ್ತು ಆರ್ಥರ್ ಹಾರ್ವಿಚ್, ಬಿಸಿ ಇಲ್ಲದಾಗಲೂ ಜೀವಕೋಶಕ್ಕೆ ಈ ಸಹಾಯ ಬೇಕೇ ಬೇಕು ಎಂದು ಯೀಸ್ಟ್‌ನಲ್ಲಿ ತೋರಿಸಿದರು. ರಿಪೇರಿ ಆಗದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟುತ್ತದೆ, ಪ್ರೋಟಿಯಾಸೋಮ್ ಅದನ್ನು ಚೂರು ಮಾಡುತ್ತದೆ. ಈ ಗುರುತಿನ ಗುಟ್ಟು ಬಿಡಿಸಿದ್ದಕ್ಕೆ 2004ರ ನೊಬೆಲ್ ಬಂತು.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು 1993ರ ಶೋಧ. ಹೊರಗೆ ಕಳಿಸುವ ಪ್ರೋಟೀನುಗಳು ತಯಾರಾಗುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಕೋಣೆಯಲ್ಲಿ. ಅಲ್ಲಿ ಮಡಿಕೆ ತಪ್ಪಿದ್ದು ರಾಶಿ ಬಿದ್ದರೆ ಸುದ್ದಿ ಮುಟ್ಟಿಸುವ ಪ್ರೋಟೀನನ್ನು ಜಪಾನಿನ ಕಝುತೋಶಿ ಮೋರಿ ಮತ್ತು ಅಮೆರಿಕದಲ್ಲಿದ್ದ ಪೀಟರ್ ವಾಲ್ಟರ್ ಬೇರೆ ಬೇರೆಯಾಗಿ ಯೀಸ್ಟ್‌ನಲ್ಲಿ ಕಂಡುಹಿಡಿದರು. ನಮ್ಮಲ್ಲಿ ಅಂಥ ಮೂರು ಕಾವಲುಗಾರರಿವೆ. ಸುದ್ದಿ ಮುಟ್ಟಿದ ಕೂಡಲೇ ಜೀವಕೋಶ ಹೊಸ ಪ್ರೋಟೀನ್ ತಯಾರಿ ತಗ್ಗಿಸುತ್ತದೆ, ಮಡಿಚಲು ನೆರವಾಗುವವನ್ನು ಹೆಚ್ಚಿಸುತ್ತದೆ, ಕೆಟ್ಟದ್ದನ್ನು ಆ ಒಳಕೋಣೆಯಿಂದ ಹೊರಗೆ ಸಾಗಿಸುತ್ತದೆ. ಇಷ್ಟಾದರೂ ರಾಶಿ ಕರಗದಿದ್ದರೆ ಜೀವಕೋಶ ತಾನೇ ಸಾಯುತ್ತದೆ.

ಇನ್ಸುಲಿನ್ ಎಂಬ ಪ್ರೋಟೀನನ್ನು ತಯಾರಿಸುವ ಬೀಟಾ ಕೋಶವನ್ನೇ ನೋಡಿ. ಊಟದ ನಂತರ ಅದು ನಿಮಿಷಕ್ಕೆ ಸುಮಾರು 10 ಲಕ್ಷ ಅಣುಗಳನ್ನು ತಯಾರಿಸಬಲ್ಲದು. ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಮೈ ಇನ್ಸುಲಿನ್ ಮಾತು ಕೇಳುವುದಿಲ್ಲ, ಹಾಗಾಗಿ ಇನ್ನೂ ಜಾಸ್ತಿ ತಯಾರಿಸಬೇಕು. ವರ್ಷಗಟ್ಟಲೆ ಹೀಗೆ ದುಡಿದ ಕೋಶಗಳು ಸೋಲುತ್ತವೆ, ಕೆಲವು ಸಾಯುತ್ತವೆ. ಮಡಿಕೆ ತಪ್ಪುವುದು ದಿನದ ಮಾತು, ಆರೋಗ್ಯವಂತರಲ್ಲೂ ತಪ್ಪುತ್ತದೆ. ಸರಿಪಡಿಸುವ ವ್ಯವಸ್ಥೆ ದಣಿದಾಗ ರೋಗ ಶುರುವಾಗುತ್ತದೆ.

ಮಿದುಳಿನ ನರಕೋಶಗಳ ಪಾಡು ಇನ್ನೂ ಕಷ್ಟ. ಅವು ಸತ್ತರೆ ಬದಲಿ ಹುಟ್ಟುವುದು ತೀರಾ ಕಡಿಮೆ. 1906ರಲ್ಲಿ ಅಲೋಯಿಸ್ ಆಲ್ಝೈಮರ್, ತೀರಿಹೋದ ರೋಗಿಯೊಬ್ಬರ ಮಿದುಳಿನಲ್ಲಿ ಕಂಡ ಗಡ್ಡೆ ಮತ್ತು ಗಂಟುಗಳ ಬಗ್ಗೆ ಹೇಳಿದರು. ಅವು ಅಮಿಲಾಯ್ಡ್ ಬೀಟಾ ಮತ್ತು ಟೌ ಎಂಬ ಪ್ರೋಟೀನುಗಳು ಎಂದು ತಿಳಿದದ್ದು 1980ರ ದಶಕದಲ್ಲಿ. ನಮ್ಮ ಮನೆಗಳಲ್ಲಿ ಅಜ್ಜ ದಾರಿ ತಪ್ಪಿದರೆ, ಅಜ್ಜಿ ಮಕ್ಕಳ ಹೆಸರು ಮರೆತರೆ ಅರಳು ಮರಳು ಎಂದು ಸುಮ್ನಾಗುತ್ತೇವೆ. ಇದು ಸರಿಯಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಆಲ್ಝೈಮರ್‌ಗೆ ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ರೋಗದ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ.

ಇದೇ ತಿಳಿವಳಿಕೆ ಕ್ಯಾನ್ಸರ್‌ನಲ್ಲಿ ಉಲ್ಟಾ ಕೆಲಸಕ್ಕೆ ಬಂತು. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳು ರಾಶಿ ರಾಶಿ ಪ್ರೋಟೀನ್ ತಯಾರಿಸುತ್ತವೆ. 2003ರಲ್ಲಿ ಬಂದ ಬೋರ್ಟೆಝೋಮಿಬ್ ಅವುಗಳ ಪ್ರೋಟಿಯಾಸೋಮನ್ನೇ ತಡೆಯುತ್ತದೆ. ಕಸ ವಿಲೇವಾರಿ ನಿಂತು ಕೋಶ ಸಾಯುತ್ತದೆ. ಈ ಚುಚ್ಚುಮದ್ದು ನಮ್ಮ ದೇಶದಲ್ಲೂ ಬಳಕೆಯಲ್ಲಿದೆ.

ನನಗೆ ಹೆಚ್ಚು ಭರವಸೆ ಇರುವುದು ಮಡಿಕೆ ಬಿಚ್ಚುವ ಮುಂಚೆಯೇ ಹಿಡಿದಿಡುವ ಔಷಧಿಗಳ ಮೇಲೆ. ಯಕೃತ್ತಿನಲ್ಲಿ ತಯಾರಾಗುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ನಾಲ್ಕು ತುಂಡುಗಳ ಜೋಡಣೆ. ಅದು ಬಿಡಿಬಿಡಿಯಾದರೆ ಮಡಿಕೆ ಕೆಟ್ಟು ಹೃದಯದ ಸ್ನಾಯುವಿನಲ್ಲಿ ಕೂರುತ್ತದೆ. ಟಫಾಮಿಡಿಸ್ ಆ ನಾಲ್ಕನ್ನೂ ಬಿಗಿಯಾಗಿ ಹಿಡಿದಿಡುತ್ತದೆ. 2018ರಲ್ಲಿ ಹೊರಬಂದ 441 ರೋಗಿಗಳ ಅಧ್ಯಯನದಲ್ಲಿ, 30 ತಿಂಗಳಲ್ಲಿ ಔಷಧಿ ಪಡೆದವರಲ್ಲಿ 100ಕ್ಕೆ ಸುಮಾರು 30 ಜನ ತೀರಿಕೊಂಡರು, ಪಡೆಯದವರಲ್ಲಿ 43. ಈಗಾಗಲೇ ಹೃದಯದಲ್ಲಿ ಕೂತದ್ದನ್ನು ಇದು ತೆಗೆಯುವುದಿಲ್ಲ. ಹಾಗಾಗಿ ಬೇಗ ಪತ್ತೆಯಾಗಬೇಕು. ವಯಸ್ಸಾದವರಲ್ಲಿ ಎರಡೂ ಕೈ ಜೋಮು ಹಿಡಿಯುವ ಕಾರ್ಪಲ್ ಟನೆಲ್ ತೊಂದರೆ ಹೃದಯದ ಲಕ್ಷಣಗಳಿಗಿಂತ ಎಷ್ಟೋ ವರ್ಷ ಮೊದಲೇ ಬರುವುದುಂಟು. ಆಮೇಲೆ ಏದುಸಿರು, ಕಾಲುಬಾವು ಶುರುವಾದರೆ ಆ ಹಳೆಯ ಜೋಮಿನ ಸಂಗತಿಯನ್ನೂ ಡಾಕ್ಟರ್‌ಗೆ ಹೇಳಿ.