ಆಂಟನ್ ವಿಲ್ಹೆಲ್ಮ್ ಆಮೋ: ಮನಸ್ಸಿಗೆ ನೋವಾಗುವುದಿಲ್ಲ ಎಂದ ವಿದ್ಯಾರ್ಥಿ

"ಮನಸ್ಸಿಗೆ ನೋವಾಯ್ತು" ಎಂದು ನಾವೆಲ್ಲ ದಿನವೂ ಹೇಳುತ್ತೇವೆ, ಅಲ್ವಾ? ಈ ಮಾತೇ ತಪ್ಪು ಎಂದು 1734ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗ್‌ನಲ್ಲಿ ಒಬ್ಬರು ಲ್ಯಾಟಿನ್ ಪ್ರಬಂಧ ಬರೆದು ವಾದಿಸಿದರು. ಅವರೇ ಆಂಟನ್ ವಿಲ್ಹೆಲ್ಮ್ ಆಮೋ. ತತ್ವಶಾಸ್ತ್ರದ ಚರಿತ್ರೆ ಓದುವಾಗ ಡೆಕಾರ್ಟ್ ಮುಗಿಸಿ ನೇರವಾಗಿ ಕಾಂಟ್‌ಗೆ ಜಿಗಿಯುವವರು ನಡುವೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಟಿಪ್ಪಣಿಗಳನ್ನು ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬದುಕು. ಆಮೋ ಹುಟ್ಟಿದ್ದು ಸುಮಾರು 1703ರಲ್ಲಿ, ಇಂದಿನ ಘಾನಾದ ಕರಾವಳಿಯ ಆಕ್ಸಿಮ್ ಬಳಿ. ಇನ್ನೂ ಪುಟ್ಟ ಹುಡುಗನಾಗಿದ್ದಾಗಲೇ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಮೂಲಕ ಆಮ್‌ಸ್ಟರ್‌ಡ್ಯಾಮ್‌ಗೆ ಬಂದರು. ಗುಲಾಮನಾಗಿ ತಂದರೋ, ಓದಿಸಲು ಕಳಿಸಿದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಲ್ಲಿಂದ ಹುಡುಗ ಸೇರಿದ್ದು ಜರ್ಮನಿಯ ವುಲ್ಫನ್‌ಬ್ಯುಟೆಲ್‌ನ ಡ್ಯೂಕ್ ಆಂಟನ್ ಉಲ್ರಿಕ್ ಅವರ ಅರಮನೆಯನ್ನು. 1708ರಲ್ಲಿ ಬ್ಯಾಪ್ಟಿಸಮ್ ಆಯಿತು. ಆಂಟನ್ ಎಂಬುದು ಡ್ಯೂಕ್ ಹೆಸರು, ವಿಲ್ಹೆಲ್ಮ್ ಅವರ ಮಗನದು. ಆಮೋ ಮಾತ್ರ ಊರಿನಿಂದ ಬಂದ ಹೆಸರು. ಅದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಪ್ರಬಂಧದ ಮುಖಪುಟದಲ್ಲಿ ಅದರ ಜೊತೆಗೆ "ಗಿನಿ ಆಫರ್", ಅಂದರೆ ಗಿನಿ ತೀರದ ಆಫ್ರಿಕನ್, ಎಂದೂ ಅಚ್ಚಾಗಿದೆ.

1727ರಲ್ಲಿ ಹಾಲೆ ವಿಶ್ವವಿದ್ಯಾಲಯ ಸೇರಿದರು. ಓದಿದ್ದು ಕಾನೂನು. 1729ರಲ್ಲಿ ಅವರು ಚರ್ಚೆಗೆ ಇಟ್ಟ ವಿಷಯ "ಯುರೋಪಿನಲ್ಲಿ ಮೂರ್ ಜನರ ಹಕ್ಕುಗಳು". ಮೂರ್ ಎಂದರೆ ಆಗಿನ ಮಾತಿನಲ್ಲಿ ಕಪ್ಪು ಜನ. ಈ ಪ್ರಬಂಧ ನಮಗೆ ಸಿಕ್ಕಿಲ್ಲ. ಹಾಲೆಯ ವಾರಪತ್ರಿಕೆಯೊಂದು ಆಗ ಪ್ರಕಟಿಸಿದ ಸಣ್ಣ ವರದಿ ಮಾತ್ರ ಉಳಿದಿದೆ. ಅದರ ಪ್ರಕಾರ ವಾದ ಹೀಗಿತ್ತು: ಆಫ್ರಿಕಾದ ರಾಜರು ಒಂದು ಕಾಲದಲ್ಲಿ ರೋಮ್ ಚಕ್ರವರ್ತಿಯ ಸಾಮಂತರಾಗಿದ್ದರು, ಚಕ್ರವರ್ತಿ ಜಸ್ಟಿನಿಯನ್ ಕೂಡ ಅವರಿಗೆ ಸನದು ಕೊಡುತ್ತಿದ್ದ. ಹಾಗಿರುವಾಗ ಕ್ರೈಸ್ತರು ಕೊಂಡುತಂದ ಆಫ್ರಿಕನ್ನರ ಮೇಲೆ ಯುರೋಪಿನ ಕಾನೂನು ಎಷ್ಟರಮಟ್ಟಿಗೆ ದಾಸ್ಯ ಹೇರಬಹುದು? ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಅವರು ದಯೆ ಕೇಳುತ್ತಿಲ್ಲ. ಯುರೋಪ್ ಪೂಜಿಸುವ ರೋಮನ್ ಕಾನೂನನ್ನೇ ಅದರ ಮುಂದೆ ಹಿಡಿಯುತ್ತಿದ್ದಾರೆ.

ಮರುವರ್ಷ ವಿಟ್ಟೆನ್‌ಬರ್ಗ್‌ಗೆ ಹೋದರು. ತತ್ವಶಾಸ್ತ್ರ, ವೈದ್ಯಶಾಸ್ತ್ರ ಎರಡನ್ನೂ ಹಿಡಿದರು. ಮೊದಲಿಗೆ ಹೇಳಿದ 1734ರ ಪ್ರಬಂಧ ಅಲ್ಲೇ ಬಂತು, ಹೆಸರು "ಮಾನವ ಮನಸ್ಸಿನ ಅಪಾಥೇಯಾ". ಈ ಗ್ರೀಕ್ ಪದ ನೋಡಿ ತುಂಬಾ ಜನ ಎಡವುತ್ತಾರೆ. ನಿರ್ಲಿಪ್ತತೆ, ಸಮಚಿತ್ತ ಎಂದೆಲ್ಲ ಬರೆದುಬಿಡುತ್ತಾರೆ. ಅದು ಸ್ಟೋಯಿಕರ, ಅಂದರೆ ಪ್ರಾಚೀನ ಗ್ರೀಸಿನ ಒಂದು ತತ್ವಪಂಥದವರ, ಅರ್ಥ. ಆಮೋ ಹೇಳುವುದು ಬೇರೆ: ಮನಸ್ಸಿಗೆ ಸಂವೇದನೆಯೇ ಇಲ್ಲ, ಸಂವೇದಿಸುವ ಶಕ್ತಿಯೂ ಇಲ್ಲ. ಎರಡೂ ಇರುವುದು ಜೀವಂತ ದೇಹದಲ್ಲಿ.

ಯಾಕೆ? ಬೆಂಕಿ ತಾಗಿದರೆ ಕೈ ಸುಡುತ್ತದೆ. ತಾಗಲು ಒಂದು ಮೈ ಬೇಕು, ಭಾಗಗಳು ಬೇಕು. ಮನಸ್ಸು ಜಡವಸ್ತು ಅಲ್ಲ ಎಂದು ಒಪ್ಪಿದ ಮೇಲೆ ಅದಕ್ಕೆ ತಾಗುವುದಾದರೂ ಹೇಗೆ? ಆಮೋ ಪ್ರಕಾರ ಚೇತನ ಕೆಲಸ ಮಾಡುತ್ತದೆ, ಅದರ ಮೇಲೆ ಯಾವುದೂ ಕೆಲಸ ಮಾಡಲಾರದು. (ಬೆಂಕಿಯ ಉದಾಹರಣೆ ನನ್ನದು, ಅವರದಲ್ಲ.) ಮನಸ್ಸು ದೇಹದ ಜೊತೆ ಸೇರಿ ಕೆಲಸವನ್ನೂ ಮಾಡುತ್ತದೆ, ಅನುಭವಿಸುವುದನ್ನೂ ಮಾಡುತ್ತದೆ ಎಂದು ಡೆಕಾರ್ಟ್ ಬರೆದಿದ್ದರು. ಆಮೋ ಮೊದಲರ್ಧ ಒಪ್ಪುತ್ತಾರೆ, ಎರಡನೆಯದನ್ನು ಒಪ್ಪುವುದಿಲ್ಲ. ಪರೀಕ್ಷೆಗೆ ಓದುವವರು ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪರದೇಶದಲ್ಲಿ ಒಂಟಿಯಾಗಿ ನೊಂದವರು ಸಮಾಧಾನಕ್ಕೆ ಹೀಗೆ ಬರೆದರು ಎಂದು ಕೆಲವರಿಗೆ ಅನಿಸಬಹುದು. ನನಗೆ ಆ ಓದು ಸರಿ ಕಾಣುವುದಿಲ್ಲ. ಬೇರೆ ಯಾರ ಪ್ರಬಂಧವನ್ನೂ ನಾವು ಹಾಗೆ ಓದುವುದಿಲ್ಲ. ಇದು ಪಕ್ಕಾ ತರ್ಕ. ತರ್ಕವನ್ನು ತರ್ಕವಾಗಿಯೇ ಎದುರಿಸುವುದು ನಾವು ಅವರಿಗೆ ಕೊಡಬೇಕಾದ ಮರ್ಯಾದೆ.

ಆಮೇಲೆ ಹಾಲೆಯಲ್ಲಿ, 1739ರಿಂದ ಯೇನಾದಲ್ಲಿ ಪಾಠ ಹೇಳಿದರು. ನಡುವೆ 1738ರಲ್ಲಿ ತರ್ಕದ ಬಗ್ಗೆ ದೊಡ್ಡ ಗ್ರಂಥ ಬಂತು. ಆದರೆ ಆಸರೆ ಕಳಚುತ್ತಾ ಹೋಯಿತು. ಅವರನ್ನು ಸಾಕಿದ ಮನೆತನದ ಡ್ಯೂಕ್‌ಗಳು 1714, 1731, 1735ರಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಹಾಲೆಯಲ್ಲಿ ಬೆನ್ನಿಗೆ ನಿಂತಿದ್ದ ಪ್ರಾಧ್ಯಾಪಕ ಲುಡೆವಿಗ್ 1743ರಲ್ಲಿ ತೀರಿಕೊಂಡರು. 1747ರಲ್ಲಿ ಆಮೋ ಅವರನ್ನು ಗೇಲಿ ಮಾಡುವ ಪದ್ಯಗಳು ಅಚ್ಚಾದವು. ಬಿಳಿ ಹೆಣ್ಣನ್ನು ಪ್ರೀತಿಸಿ ತಿರಸ್ಕಾರ ಕಂಡವನು ಎಂಬುದು ಅದರ ಹೂರಣ. ಓದುವಾಗ ಹೊಟ್ಟೆ ಉರಿಯುತ್ತದೆ. ಆ ಹೊತ್ತಿಗೇ ಅವರು ಯುರೋಪ್ ಬಿಟ್ಟು ಆಕ್ಸಿಮ್‌ಗೆ ಮರಳಿದರು.

1753ರಲ್ಲಿ ಹಡಗೊಂದರ ವೈದ್ಯರಾಗಿದ್ದ ಗಾಲಾಂಡಾ ಅವರನ್ನು ಅಲ್ಲಿ ಭೇಟಿಯಾದರು. ಆಮೋ ಅವರ ತಂದೆ, ಒಬ್ಬ ಸೋದರಿ ಇನ್ನೂ ಬದುಕಿದ್ದರು. ಒಬ್ಬ ಸೋದರ ಮಾತ್ರ ಇರಲಿಲ್ಲ. ಅವನು ಸುರಿನಾಮ್‌ನಲ್ಲಿ ಗುಲಾಮನಾಗಿದ್ದ. ನನ್ನ ನೋಟ್‌ಬುಕ್‌ನಲ್ಲಿ 1729ರ ಆ ಕಳೆದುಹೋದ ಪ್ರಬಂಧದ ಹೆಸರಿನ ಪಕ್ಕದಲ್ಲೇ "ಸುರಿನಾಮ್" ಎಂದು ಬರೆದುಕೊಂಡಿದ್ದೇನೆ.